ಲಂಕೆಯ ಮದುವೆಗೆ ಚಾಮರಾಜಪೇಟೆಯ ಸಾಕ್ಷಿ

ಮೊದಲೇ ಹೇಳಿಬಿಡುತ್ತೇನೆ, ನಾನು ಸಂಶಯದ ಮನುಷ್ಯನಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕೂತು, ಸಾಕ್ಷಿ ಹಾಕಲು ಬಂದವರ ಮುಖ ನೋಡಿ ನೋಡಿ, ಇವರಲ್ಲಿ ನಿಜವಾದ ಸಾಕ್ಷಿ ಯಾರು, ಕಾಫಿ ಕುಡಿಯಲು ಬಂದ ಸಾಕ್ಷಿ ಯಾರು ಎಂದು ಅಳೆಯುವ ಅಭ್ಯಾಸವಾಗಿದೆ, ಅಷ್ಟೆ. ಈಗ ನಿವೃತ್ತನಾಗಿ ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯಲ್ಲಿ, ಮನೆಯ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತೇನೆ. ನೇರ ಎದುರಿಗೆ ನಂಜುಂಡಯ್ಯನ ಮನೆ. ಅಲ್ಲಿ ನಡೆಯುವುದೆಲ್ಲ ನನ್ನ ಕಣ್ಣಿಗೆ ಬೀಳುತ್ತದೆ ಎಂದರೆ ಅದು ಮನೆ ಕಟ್ಟಿಸಿದವರ ತಪ್ಪು, ನನ್ನದಲ್ಲ.

ನಂಜುಂಡಯ್ಯನ ಮನೆ ಎಂದರೆ ಅರ್ಧ ಮನೆ. ಇನ್ನರ್ಧ ಅವನ ಅಣ್ಣ ವಿಶ್ವಾರಾಧ್ಯರದು. ಅಪ್ಪ ಕಟ್ಟಿಸಿದ ಮನೆಯನ್ನು ಇಬ್ಬರೂ ನಗುನಗುತ್ತ ಪಾಲು ಮಾಡಿಕೊಂಡು ನಡುವೆ ಗೋಡೆ ಎಬ್ಬಿಸಿದರು; ಅಂಗಳದಲ್ಲಿ ಅದೇ ಗೋಡೆ ಎದೆಯೆತ್ತರಕ್ಕೆ ಮುಂದುವರಿಯಿತು. ಪಾಲಿನ ಕಾಗದಕ್ಕೆ ಸಾಕ್ಷಿ ಹಾಕಿದವನು ನಾನೇ, ಒಂದು ಜಗಳವಿಲ್ಲ. ಮಾತು ಬಿಟ್ಟದ್ದು ಆಮೇಲೆ. ಒಂಬತ್ತು ವರ್ಷವಾಯಿತು. ಕಾರಣ, ಒಂದು ಲಗ್ನಪತ್ರಿಕೆ.

ನಂಜುಂಡಯ್ಯನದು ಚಿಕ್ಕಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿ. ಅಣ್ಣನ ಮಗಳ ಮದುವೆ ಬಂದಾಗ ಪತ್ರಿಕೆ ತಮ್ಮನ ಅಂಗಡಿಯಲ್ಲೇ ಅಚ್ಚಾಗಬೇಕಲ್ಲ. ಅಣ್ಣ ಬರೆದು ಕಳಿಸಿದ ಚೀಟಿಯಲ್ಲಿ ‘ಸುಖಾಗಮನ ಬಯಸುವವರು’ ಎಂಬುದರ ಕೆಳಗೆ ಮೊದಲನೆಯ ಹೆಸರು ಅಣ್ಣನ ಭಾವಮೈದುನನದು. ಎರಡನೆಯದು ಆ ಭಾವಮೈದುನನ ತಮ್ಮನದು. ಮೂರನೆಯ ಸಾಲಿನಲ್ಲಿ ನಂಜುಂಡಯ್ಯ. ‘ಇದೇನಣ್ಣ ಹೀಗೆ?’ ಎಂದು ಬಾಯಿಬಿಟ್ಟು ಕೇಳಿದ್ದರೆ ಅರ್ಧ ನಿಮಿಷದ ಮಾತು. ಪುಣ್ಯಾತ್ಮ ಕೇಳಲಿಲ್ಲ. ತನ್ನ ಅವಮಾನದ ಪ್ರೂಫನ್ನು ತಾನೇ ಕೂತು ತಿದ್ದಿದ, ಅಂಚಿಗೆ ಚಿನ್ನದ ಬಣ್ಣ ಹಾಕಿಸಿದ, ಸಾವಿರದ ಇನ್ನೂರು ಪ್ರತಿ ಅಚ್ಚು ಹೊಡೆಸಿ ಅಣ್ಣನ ಮನೆಗೆ ಕಳಿಸಿದ, ಆಮೇಲೆ ಮಾತು ಬಿಟ್ಟ.

ಈಗ ನಂಜುಂಡಯ್ಯನ ಒಬ್ಬಳೇ ಮಗಳು ಮಾನ್ಯಳ ಮದುವೆ ಗೊತ್ತಾಗಿತ್ತು. ಹುಡುಗ ಎನ್.ಆರ್. ಕಾಲೋನಿಯ ಈಶ್ವರ್, ಆಡಿಟರ್, ಮಾತು ಕಡಿಮೆ. ಎಲ್ಲ ಸರಿಯಾಗಿತ್ತು. ಆದರೆ ನಂಜುಂಡಯ್ಯನಿಗೆ ಊಟ ಸೇರುತ್ತಿರಲಿಲ್ಲ. ಒಂದು ದಿನ ನನ್ನ ಜಗಲಿಗೆ ಬಂದು ಕೂತು, ತಗ್ಗಿದ ದನಿಯಲ್ಲಿ ಹೇಳಿದ:

“ಶ್ರೀನಿವಾಸಯ್ಯನೋರೇ, ಅಣ್ಣನ್ನ ಕರೆದ್ರೆ ಬರಲ್ಲ. ಬರದೇ ಇದ್ರೆ ಮಂಟಪದ ಪಕ್ಕ ದೊಡ್ಡಪ್ಪನ ಜಾಗ ಖಾಲಿ. ಐನೂರು ಜನ ಬಂದು ‘ನಿಮ್ಮಣ್ಣ ಎಲ್ಲಿ’ ಅಂತ ಕೇಳ್ತಾರೆ. ಐನೂರು ಸಲ ನಾನು ಏನಂತ ಹೇಳ್ಲಿ?”

“ಬರಲ್ಲ ಅಂತ ಅವರು ಹೇಳಿದ್ರಾ?”

“ಅವನು ಎಲ್ಲಿ ಹೇಳ್ತಾನೆ? ಮಾತೇ ಬಿಟ್ಟಿದೀವಲ್ಲ.”

ಇಂಥ ತರ್ಕಕ್ಕೆ ನನ್ನ ಸರ್ವೀಸಿನಲ್ಲಿ ಎಲ್ಲೂ ಉತ್ತರ ಸಿಕ್ಕಿಲ್ಲ. ಮತ್ತೆ ಪೇಪರ್ ಬಿಚ್ಚಿದೆ.

ಅದಾದ ವಾರಕ್ಕೆ ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ ನಂಜುಂಡಯ್ಯನ ಪಕ್ಕ ಪುಟ್ಟಯ್ಯ ಕೂತ. ಪುಟ್ಟಯ್ಯ ನಮ್ಮ ರಸ್ತೆಯ ಕೊನೆಯ ಮನೆಯವನು, ಸೈಟು ಕೊಡಿಸುವ ವ್ಯವಹಾರ, ದನಿ ಎರಡು ರಸ್ತೆಗೆ ಕೇಳುತ್ತದೆ. “ಯಾವ ಛತ್ರ ಹಿಡಿದ್ರಿ ನಂಜುಂಡಯ್ಯನವರೇ? ನಿಮ್ಮಣ್ಣಾವ್ರೇ ಮುಂದೆ ನಿಂತ್ಕೊಂಡು ಮಾಡ್ತಾರೆ ತಾನೆ?” ಎಂದ. ಪಂಕ್ತಿಗೆ ಪಂಕ್ತಿಯೇ ತಿರುಗಿತು. ನಂಜುಂಡಯ್ಯ ಬಾಯಿಗೆತ್ತಿದ ಹೋಳಿಗೆಯನ್ನು ಮತ್ತೆ ಎಲೆಗೆ ಹಾಕಿದ.

“ಛತ್ರ ಇಲ್ಲ. ನಾವು ಫಾರಿನ್‌ನಲ್ಲಿ ಮಾಡ್ತಿದೀವಿ.”

“ಫಾರಿನ್ನಾ! ಎಲ್ಲಿ?”

ಊಟದ ಹಾಲ್‌ನ ಮೂಲೆಯ ಟಿವಿಯಲ್ಲಿ ಕ್ರಿಕೆಟ್ ನಡೆಯುತ್ತಿತ್ತು. “ಶ್ರೀಲಂಕಾ” ಎಂದುಬಿಟ್ಟ. ಅವರ ಎದುರು ಆಡುತ್ತಿದ್ದವರು ಆಸ್ಟ್ರೇಲಿಯದವರು. ಸದ್ಯ, ಹತ್ತಿರದ ಊರೇ ಬಾಯಿಗೆ ಬಂತು.

ನಂಜುಂಡಯ್ಯ ಮೊಸರನ್ನ ಮುಗಿಸುವಷ್ಟರಲ್ಲಿ ಸುದ್ದಿ ನಮ್ಮ ರಸ್ತೆ ಮುಟ್ಟಿತ್ತು. ಇವನಿಗೂ ಅದು ಉಪಾಯದಂತೆ ಕಾಣತೊಡಗಿತು. ಸಮುದ್ರದಾಚೆಯ ಮದುವೆಗೆ ಅಣ್ಣ ಬರದಿದ್ದರೆ ಯಾರೂ ಏನೂ ಕೇಳುವುದಿಲ್ಲ. ವಯಸ್ಸಾಯಿತು, ವಿಮಾನ ಆಗಿಬರಲ್ಲ ಎಂದರೆ ಮುಗಿಯಿತು. ಬಾಯಿತಪ್ಪಿ ಆಡಿದ್ದನ್ನು ತೀರ್ಮಾನ ಎಂದು ಮನೆಯಲ್ಲಿ ಸಾರಿದ.

“ಅಪ್ಪ, ನಂಗೆ ಬೀಚೂ ಬೇಡ, ಬೋಟೂ ಬೇಡ. ನಂಗೆ ದೊಡ್ಡಪ್ಪ ಇರ್ಬೇಕು ಅಷ್ಟೆ” ಎಂದಳು ಮಾನ್ಯ. ಎದುರುಮನೆಯ ನನಗೆ ಕೇಳಿಸಿತು, ಅವಳಪ್ಪನಿಗೆ ಕೇಳಿಸಲಿಲ್ಲ.

ಇನ್ನು ರಸ್ತೆಯವರ ಕಥೆ. ಇದ್ದಕ್ಕಿದ್ದಂತೆ ಫಾರಿನ್ ಯಾಕೆ? ಏನೋ ಇದೆ. ಹುಡುಗನಿಗೆ ಮೊದಲೇ ಒಂದು ಮದುವೆ ಆಗಿದೆಯಂತೆ, ಇಲ್ಲಿ ಮಾಡಿದರೆ ಅವಳು ಬಂದು ಗಲಾಟೆ ಮಾಡ್ತಾಳಂತೆ ಎಂದು ಒಬ್ಬರು. ನಂಜುಂಡಯ್ಯ ಅಂಗಡಿ ಮುಚ್ಚಿ ಅಲ್ಲೇ ಉಳಿಯುತ್ತಾನಂತೆ ಎಂದು ಇನ್ನೊಬ್ಬರು. ನಾನಂತೂ ಏನೂ ಹೇಳಲಿಲ್ಲ. ‘ಇರಬಹುದು’ ಎಂದೆ, ಅಷ್ಟೆ, ಇಬ್ಬರಿಗೂ.

ಮೂಲೆಯಲ್ಲಿ ಹೂವು ಮಾರುವ ಮುನಿಲಕ್ಷ್ಮಮ್ಮ ಮಾತ್ರ ಮುಖಕ್ಕೇ ಕೇಳಿದಳು. “ಅಲ್ಲ ಸಾಮಿ, ಸೀತಮ್ಮನೇ ಅತ್ಕೊಂಡು ಕೂತಿದ್ದ ಊರು. ಅಲ್ಲಿ ಹೋಗಿ ಹೆಣ್ಮಗೀಗೆ ತಾಳಿ ಕಟ್ಟಿಸ್ತೀರಾ?”

“ರಾವಣ ಅಂದ್ರೆ ಏನಂದ್ಕೊಂಡೆ? ಪರಮ ಶಿವಭಕ್ತ ಕಣಮ್ಮ. ಆತ್ಮಲಿಂಗಾನೇ ಕೈಲಾಸದಿಂದ ತಂದೋನು!”

“ತಂದ ಸರಿ. ಊರು ಮುಟ್ಟಿಸಿದ್ನಾ?”

ನಂಜುಂಡಯ್ಯ ಒಂದು ಮೊಳ ಮಲ್ಲಿಗೆ ಕೊಂಡು ಮನೆಗೆ ಬಂದ.

ಮುಂದಿನ ವಾರ ಲಾಸ್ಯಾ ಎಂಬ ಹುಡುಗಿ ಬಂದಳು. ಮದುವೆ ಪ್ಲಾನ್ ಮಾಡಿಸುವುದೇ ಅವಳ ಕೆಲಸ. ಗೋಡೆಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು ಟ್ಯಾಬ್‌ನಲ್ಲಿ ಸಮುದ್ರ ತೋರಿಸಿದಳು, ತೆಂಗಿನಮರ ತೋರಿಸಿದಳು, ಮಂಟಪಕ್ಕೆ ಕರೆದೊಯ್ಯುವ ಬೋಟು ತೋರಿಸಿದಳು. ಅನುಭವಸ್ಥ ಎಂದು ನನ್ನನ್ನೂ ಕರೆದಿದ್ದರು. ಕರೆಯದಿದ್ದರೂ ಹೋಗುತ್ತಿದ್ದೆ.

“ಪಂಚಕಳಸ ಇಡೋಕೆ ಜಾಗ ಇರುತ್ತೇನಮ್ಮ?” ಎಂದು ಕೇಳಿದಳು ನಂಜುಂಡಯ್ಯನ ಹೆಂಡತಿ ತ್ರಿಪುರಸುಂದರಿ.

“ಐದಲ್ಲ ಆಂಟಿ, ಐವತ್ತು ಬೇಕಾದ್ರೂ ಇಡ್ಬಹುದು.”

“ಐವತ್ತು ಯಾಕಮ್ಮ ಇಡ್ತಾರೆ?” ಎಂದು ನಂಜುಂಡಯ್ಯನಿಗೆ ತಕ್ಷಣ ಅನುಮಾನ. “ಅಡುಗೆ ಯಾರದು? ಸಮುದ್ರದ ಊರು. ಬೆಳಗ್ಗೆ ಮೀನು ಮುಟ್ಟಿದ ಸೌಟನ್ನೇ ಮಧ್ಯಾಹ್ನ ನಮ್ಮ ಸಾರಿಗೆ ಹಾಕಲ್ಲ ಅಂತ ಏನು ಗ್ಯಾರಂಟಿ? ಬರೆದು ಕೊಡ್ತೀಯಾ?”

“ಕೊಡ್ತೀನಿ ಅಂಕಲ್.”

ಇಷ್ಟು ಸುಲಭವಾಗಿ ಒಪ್ಪಿದ್ದು ನೋಡಿ ಅವನ ಅನುಮಾನ ಇನ್ನೂ ಗಟ್ಟಿಯಾಯಿತು. ಲಾಸ್ಯಾ ಮುಂದುವರಿಸಿದಳು. “ಒಂದೇ ಕಂಡೀಷನ್. ಒಟ್ಟು ಅರವತ್ತು ಜನ. ಅರವತ್ತೊಂದನೆಯವರಿಗೆ ಬೋಟಲ್ಲಿ ಸೀಟಿಲ್ಲ, ರೂಮಿಲ್ಲ.”

ತ್ರಿಪುರಸುಂದರಿ ಹಣೆ ಹಣೆ ಚಚ್ಚಿಕೊಂಡಳು. ಎರಡು ಕಡೆಯ ಹತ್ತಿರದ ನೆಂಟರೇ ಐವತ್ತೆಂಟು. ಇಡೀ ರಸ್ತೆಯವರನ್ನು ಕರೆಯದೆ ಮದುವೆ ಮಾಡಿದರೆ ನಾಳೆ ಇದೇ ರಸ್ತೆಯಲ್ಲಿ ಹಾಲು ತರಲು ಹೋಗುವುದು ಹೇಗೆ? ಆಗ ನಂಜುಂಡಯ್ಯ ಗಂಭೀರವಾಗಿ ಎದ್ದು ನಿಂತು, ಪತ್ರಿಕೆ ವ್ಯಾಪಾರದ ಮೂವತ್ತು ವರ್ಷದ ಜ್ಞಾನವನ್ನು ಒಂದೇ ಸಲ ಹೊರಗೆ ತೆಗೆದ.

“ಎಲ್ರನ್ನೂ ಕರೀತೀನಿ. ಮನೆಮನೆಗೂ ಹೋಗಿ, ಕುಂಕುಮ ಇಟ್ಟು, ಅಕ್ಷತೆ ಕೊಟ್ಟು ಕರೀತೀನಿ. ನಮ್ಮ ಜನ ಹೇಗೆ ಗೊತ್ತಾ? ‘ನೋಡೋಣ’ ಅಂದೋರು ಬರ್ತಾರೆ. ‘ಪ್ರಯತ್ನ ಮಾಡ್ತೀವಿ’ ಅಂದೋರು ಸಂಸಾರ ಸಮೇತ ಬರ್ತಾರೆ. ‘ಬಂದೇ ಬರ್ತೀವಿ’ ಅಂದೋರು ಮಾತ್ರ ಬರಲ್ಲ. ಅದೂ ಲಂಕೆಗೆ! ಯಾರ ಹತ್ರ ಪಾಸ್‌ಪೋರ್ಟ್ ಇದೆ ಈ ರಸ್ತೇಲಿ?”

ಗಂಡ ಹೆಂಡತಿ ಕುಂಕುಮದ ಭರಣಿ ಹಿಡಿದು ಹೊರಟರು. ನಾಲ್ಕು ದಿನ ತಿರುಗಿದರು. ಇಡೀ ರಸ್ತೆ ಒಂದೇ ಬಾಯಲ್ಲಿ “ಬಂದೇ ಬರ್ತೀವಿ” ಎಂದಿತು. ನಂಜುಂಡಯ್ಯನ ಲೆಕ್ಕದಲ್ಲಿ ಬರುವವರು ಸೊನ್ನೆ. ಒಂಬತ್ತು ವರ್ಷದಲ್ಲಿ ಅವನು ಅಷ್ಟು ಹಗುರವಾಗಿ ನಡೆದದ್ದನ್ನು ನಾನು ನೋಡಿರಲಿಲ್ಲ.

ಒಂದು ಮನೆ ಮಾತ್ರ ಉಳಿಯಿತು. ಅವನ ಬಾಗಿಲಿಂದ ಹನ್ನೆರಡು ಹೆಜ್ಜೆ.

“ದೇವರಾದ್ಮೇಲೆ ಮೊದಲ ಪತ್ರಿಕೆ ಹೋಗ್ಬೇಕಾದ ಮನೆ ರೀ ಅದು” ಎಂದಳು ತ್ರಿಪುರಸುಂದರಿ. ಪತ್ರಿಕೆ ಸಿದ್ಧವಾಗಿತ್ತು. ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಮೇಲೆ ‘ಶ್ರೀ ವಿಶ್ವಾರಾಧ್ಯ’ ಎಂದು ನಂಜುಂಡಯ್ಯನೇ ಬರೆದಿದ್ದ. ಅದು ದೇವರ ಮನೆಯಲ್ಲಿ ಲಿಂಗದ ಪೀಠಕ್ಕೆ ಒರಗಿಕೊಂಡು ಕೂತಿತ್ತು. “ಆಮೇಲೆ ನೋಡೋಣ” ಎನ್ನುತ್ತ ಅವನು ದಿನವೂ ಅದರ ಮುಂದೆ ವಿಭೂತಿ ಹಚ್ಚಿಕೊಂಡು ಅಂಗಡಿಗೆ ಹೋಗುತ್ತಿದ್ದ.

ಮೂರು ವಾರ ಕಳೆದಿರಬೇಕು. ಬೆಳಗ್ಗೆ ಒಂಬತ್ತಕ್ಕೆ ಪೊಲೀಸ್ ಬೈಕೊಂದು ನಂಜುಂಡಯ್ಯನ ಗೇಟಿನ ಮುಂದೆ ನಿಂತಿತು. ನಾನು ಪೇಪರ್ ಮಡಚಿ, ರಸ್ತೆ ದಾಟಿ, ಕಾಕತಾಳೀಯವಾಗಿ ಅಲ್ಲಿಗೆ ಹೋದೆ. ಬಂದವನು ವೇಣುಗೋಪಾಲ್ ಎಂಬ ಕಾನ್‌ಸ್ಟೇಬಲ್. ಕೈಯಲ್ಲಿ ಒಂದು ಫೈಲು.

“ನಂಜುಂಡಯ್ಯ ಅಂದ್ರೆ ನೀವೇನಾ? ಪುಟ್ಟಯ್ಯ ಅನ್ನೋರು ಗೊತ್ತಾ ನಿಮ್ಗೆ?”

ನಂಜುಂಡಯ್ಯ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಪುಟ್ಟಯ್ಯ, ಸೈಟು, ಪೊಲೀಸು. ಯಾವುದೋ ಒಂದು ಸೈಟನ್ನು ಮೂವರಿಗೆ ಮಾರಿದ್ದಾನೆ, ನನ್ನ ಹೆಸರನ್ನೂ ಎಳೆದಿದ್ದಾನೆ ಎಂದು ಅವನ ತಲೆ ಓಡಿತು.

“ಗೊತ್ತಿಲ್ಲ. ಹೆಸರೇ ಕೇಳಿಲ್ಲ. ಮುಖಾನೂ ನೋಡಿಲ್ಲ.”

ಅಷ್ಟರಲ್ಲಿ, ಬೆಳಗಿನ ಕಾಫಿಗೆಂದು ಬಂದು ಒಳಗೆ ಕೂತಿದ್ದ ಪುಟ್ಟಯ್ಯ ಲೋಟ ಹಿಡಿದು ಹೊರಗೆ ಬಂದ. “ನಂಜುಂಡಯ್ಯನವರೇ, ಕಾಫಿಗೆ ಸಕ್ಕರೆ ಒಂಚೂರು ಕಮ್ಮಿಯಾಗಿದೆ, ತಂಗೀಗೆ ಹೇಳಿ.”

ವೇಣುಗೋಪಾಲ್ ಲೋಟ ನೋಡಿದ, ಫೈಲಿನ ಫೋಟೋ ನೋಡಿದ, ನಂಜುಂಡಯ್ಯನನ್ನು ನೋಡಿದ. “ಇಪ್ಪತ್ತು ವರ್ಷದಿಂದ ಪರಿಚಯ ಅಂತ ಇವ್ರು ನಿಮ್ಮ ಹೆಸರು ಕೊಟ್ಟಿದಾರಲ್ಲ ಸಾರ್? ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆ ಬಂದಿದೀನಿ.”

“ಪಾಸ್‌ಪೋರ್ಟಾ!” ನಂಜುಂಡಯ್ಯ ಫೈಲಿನೊಳಗೆ ಇಣುಕಿದ.

“ಇನ್ನೇನು ಮತ್ತೆ! ಬಂದೇ ಬರ್ತೀವಿ ಅಂದಿರ್ಲಿಲ್ವಾ?” ಪುಟ್ಟಯ್ಯನ ದನಿ ಎರಡು ರಸ್ತೆಗೆ ಕೇಳಿತು. “ಟಿಕೆಟ್ ನಮ್ದು, ಊಟ ನಿಮ್ದು. ಆದ್ರೆ ಮುಖಾನೇ ನೋಡಿಲ್ಲ ಅಂದ್ಬಿಟ್ರಲ್ಲ ಸ್ವಾಮಿ? ನಿಮ್ಮನೇಲಿ ಕಾಫಿ ಕುಡಿಯೋ ಬಾಯಲ್ಲಿ ಏನ್ ಹೇಳ್ಲಿ ನಾನು!”

ಸಮಾಧಾನ ಮಾಡುವುದರಲ್ಲಿ ಸಾಕಾಯಿತು. ಫಾರಂನಲ್ಲಿ ಇಬ್ಬರು ನೆರೆಯವರ ಸಾಕ್ಷಿ ಬೇಕು ಎಂದ ವೇಣುಗೋಪಾಲ್. ಸಾಕ್ಷಿ ಎಂಬ ಪದ ಕಿವಿಗೆ ಬಿದ್ದ ಕೂಡಲೇ ನನ್ನ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು. ಅನುಭವದ ಹಕ್ಕಿನಿಂದ ಒಂದನೇ ಸಾಲಿನಲ್ಲಿ ನಾನು ಹಾಕಿದೆ. ಎರಡನೆಯದರಲ್ಲಿ ನಂಜುಂಡಯ್ಯ ಹಾಕಿದ.

ಅದು ಬರೀ ಶುರು. ಮರುದಿನ ಮುನಿಲಕ್ಷ್ಮಮ್ಮನ ಫೈಲು ಬಂತು (“ರಾವಣನ ಊರಾದ್ರೂ ಸರಿ, ಇಮಾನ ಒಂದ್ಸಲ ಅತ್ಬೇಕು ಸಾಮಿ”). ಅದರ ಮರುದಿನ ಮೂರು. ಪತ್ರಿಕೆ ಕೊಟ್ಟವನೇ ಸಾಕ್ಷಿಯೂ ಆಗಲಿ ಎಂದು ಎಲ್ಲರೂ ಅವನ ಹೆಸರನ್ನೇ ಕೊಟ್ಟಿದ್ದರು. ದಿನಾ ಒಂಬತ್ತಕ್ಕೆ ಬೈಕು, ಒಂದನೇ ಸಾಲಿನಲ್ಲಿ ನಾನು, ಎರಡನೆಯದರಲ್ಲಿ ಅವನು. ಪಾಸ್‌ಪೋರ್ಟಿನ ವಿಷಯ ಗೊತ್ತಿಲ್ಲದ ಪಕ್ಕದ ರಸ್ತೆಯವರು ಕಣ್ಣಾರೆ ಕಂಡದ್ದು ಇಷ್ಟೆ: ನಂಜುಂಡಯ್ಯನ ಮನೆಗೆ ದಿನಾ ಪೊಲೀಸ್ ಬರುತ್ತಾನೆ, ಏನೋ ಬರೆಸಿಕೊಳ್ಳುತ್ತಾನೆ, ಹೋಗುತ್ತಾನೆ.

ಆ ಸುದ್ದಿ ಎನ್.ಆರ್. ಕಾಲೋನಿಗೆ ಹೋಗಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಹುಡುಗನ ತಾಯಿ ಶಿವರಂಜಿನಿ ಆಟೋದಿಂದ ಇಳಿದರು. ಅಂಗಳದಲ್ಲೇ ನಿಂತರು. ಕೂರಲಿಲ್ಲ, ಕಾಫಿ ಮುಟ್ಟಲಿಲ್ಲ.

“ನೇರವಾಗಿ ಕೇಳ್ತೀನಿ ಬೀಗರೇ. ಮೊದ್ಲು ಲಂಕೆ ಅಂದ್ರಿ. ಊಟದ ಖರ್ಚು ಉಳಿಸೋಕೆ ಅಂತ ಅನುಮಾನ ಬಂತು, ಸುಮ್ಮನಿದ್ದೆ. ಈಗ ನೋಡಿದ್ರೆ ದಿನಾ ಸ್ಟೇಷನ್ ಹಾಜರಿಯಂತೆ. ಏನ್ ಮಾಡಿದೀರಿ?”

“ಸಾಕ್ಷಿ ಹಾಕ್ತಿದೀನಿ ಅಷ್ಟೆ!”

“ಯಾವ ಕೇಸಲ್ಲಿ?”

ನಾನು ನಡುವೆ ಬಾಯಿ ಹಾಕಿ, “ಇಲ್ಲಮ್ಮ, ನಾನೂ ಇವನ ಜೊತೆಗಿದೀನಿ” ಎಂದು ಧೈರ್ಯ ಹೇಳಿದೆ. ಅದರಿಂದ ಆಕೆಯ ಮುಖ ಇನ್ನಷ್ಟು ಬಿಳುಚಿಕೊಂಡಿತು. ಸರಿಯಾಗಿ ಆಗಲೇ ಬೈಕಿನ ಸದ್ದು.

ವೇಣುಗೋಪಾಲ್ ಈ ಸಲ ಮೆಲ್ಲಗೆ ಇಳಿದ. “ಸಾರ್, ಇನ್‌ಸ್ಪೆಕ್ಟರ್ ಸಾಹೇಬ್ರು ಕೇಳ್ಕೊಂಡು ಬಾ ಅಂದಿದಾರೆ. ಒಂದೇ ಅಡ್ಡರಸ್ತೆ, ಇಪ್ಪತ್ತೆಂಟು ಅರ್ಜಿ. ಯಾರನ್ನ ಕೇಳಿದ್ರೂ ಒಂದೇ ಊರು, ಒಂದೇ ತಾರೀಖು. ಎಲ್ಲದಕ್ಕೂ ನೀವೇ ಸಾಕ್ಷಿ. ನಿಜ ಹೇಳ್ಬಿಡಿ, ಲಂಕೇಲಿ ಏನಿದೆ?”

ನಂಜುಂಡಯ್ಯ ಬೀಗಿತ್ತಿಯನ್ನು ನೋಡಿದ, ಪೊಲೀಸನ್ನು ನೋಡಿದ, ಏನೂ ತೋಚದೆ ನನ್ನನ್ನು ನೋಡಿದ. ಆಮೇಲೆ ಅಳುವ ದನಿಯಲ್ಲಿ ಕೂಗಿಯೇಬಿಟ್ಟ:

“ಏನೂ ಇಲ್ಲ ಕಣಪ್ಪ! ಲಂಕೇಲಿ ನಮ್ಮಣ್ಣ ಇರಲ್ಲ, ಅಷ್ಟೇ! ಇಲ್ಲಿ ಮದುವೆ ಮಾಡಿದ್ರೆ ಅವನು ಬರಲ್ಲ, ಎಲ್ರ ಮುಂದೆ ಅವನ ಜಾಗ ಖಾಲಿ ಬೀಳುತ್ತೆ. ಅದನ್ನ ನೋಡೋಕಾಗಲ್ಲ ನಂಗೆ. ಅದಕ್ಕೇ ಸಮುದ್ರ ದಾಟ್ತಿದೀನಿ!”

ಶಿವರಂಜಿನಿ ಮೊದಲ ಸಲ ಕುರ್ಚಿ ಎಳೆದುಕೊಂಡು ಕೂತರು. ತ್ರಿಪುರಸುಂದರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ವೇಣುಗೋಪಾಲ್ ಕೆಮ್ಮಿ, ಫೈಲು ಬಿಚ್ಚಿದ.

“ಹಂಗಾದ್ರೆ ಇದೊಂದು ಬಾಕಿ ಇದೆ ಸಾರ್. ಇಪ್ಪತ್ತೊಂಬತ್ತನೇದು. ವಿಶ್ವಾರಾಧ್ಯ, ಎಪ್ಪತ್ತೆರಡು ವರ್ಷ. ಮೊದಲನೇ ಸಲ ಪಾಸ್‌ಪೋರ್ಟ್ ಮಾಡಿಸ್ತಿದಾರೆ. ನಿಮ್ಮ ಹೆಸರೇ ಕೊಟ್ಟಿದಾರೆ. ಮೊಬೈಲ್ ನಂಬರ್ ಮಾತ್ರ ಯಾರೋ ಮಾನ್ಯ ಅನ್ನೋರದು.”

ಬಾಗಿಲಲ್ಲಿ ನಿಂತಿದ್ದ ಮಾನ್ಯ ಚಾವಣಿ ನೋಡತೊಡಗಿದಳು. ನನಗೆ ಅವಳ ಮೇಲೆ ಮೊದಲಿಂದಲೂ ಅನುಮಾನವಿತ್ತು.

“ಗೊತ್ತಾ ಸಾರ್ ಇವ್ರು?”

ನಂಜುಂಡಯ್ಯ ಫೈಲಿನ ಫೋಟೋ ನೋಡಿದ. “ಗೊತ್ತು.”

“ಎಷ್ಟು ವರ್ಷದಿಂದ?”

“ನಾನು ಹುಟ್ಟಿದಾಗಿಂದ.”

“ನಡತೆ ಹೇಗೆ?”

“ಹಠಮಾರಿ.”

“ಅದಕ್ಕೆ ಕಾಲಂ ಇಲ್ಲ ಸಾರ್. ಒಳ್ಳೇದು, ಕೆಟ್ಟದ್ದು, ಎರಡೇ.”

“ಒಳ್ಳೇದು ಅಂತಲೇ ಬರ್ಕೊಳ್ಳಪ್ಪ. ಸೈಕಲ್ ಕಲಿಸಿದೋನು ಅವನೇ. ಅಪ್ಪ ಹೋದ್ಮೇಲೆ ಫೀಸು ಕಟ್ಟಿದೋನೂ ಅವನೇ. ಒಳ್ಳೇದು ಅಂತ ದಪ್ಪಗೆ ಬರ್ಕೋ.”

ಇನ್ನು ಸಹಿ. ಪದ್ಧತಿಯಂತೆ ನಾನು ಪೆನ್ನು ತೆಗೆದು, ಫೈಲು ಎಳೆದುಕೊಂಡು, ಒಂದನೇ ಸಾಲಿನ ಮೇಲೆ ಕೈ ಇಟ್ಟೆ.

“ಶ್ರೀನಿವಾಸಯ್ಯನವರೇ, ನಿಲ್ಸಿ.”

ಅಂಗಳದ ಗೋಡೆಯಾಚೆಯಿಂದ ದನಿ. ಎದೆಯೆತ್ತರದ ಗೋಡೆಯ ಮರೆಯಲ್ಲಿ ಬಗ್ಗಿ ನಿಂತಿದ್ದ ವಿಶ್ವಾರಾಧ್ಯರ ವಿಭೂತಿಯ ಹಣೆ ಮೇಲೆದ್ದಿತು. ಎಷ್ಟು ಹೊತ್ತಿನಿಂದ ಹಾಗೆ ಕೇಳಿಸಿಕೊಳ್ಳುತ್ತಿದ್ದರೋ ಶಿವನೇ ಬಲ್ಲ.

“ಮೊದಲನೇ ಸಾಲಿನಲ್ಲಿ ನಮ್ಮ ನಂಜುಂಡಿ ಹೆಸರು ಇರ್ಲಿ. ನೀವು ಕೆಳಗೆ ಹಾಕಿ.”

ನಂಜುಂಡಯ್ಯ ಪೆನ್ನು ತೆಗೆದುಕೊಂಡ. ಫೈಲನ್ನು ವೇಣುಗೋಪಾಲ್ ಎರಡೂ ಕೈಯಲ್ಲಿ ಹಿಡಿದುಕೊಟ್ಟ. ಸಹಿ ಹಾಕಿ, ತಲೆಯೆತ್ತದೆ ಕೇಳಿದ: “ಆವತ್ತು ನನ್ನ ಹೆಸರು ಮೂರನೇ ಸಾಲಿಗೆ ಯಾಕೆ ಹಾಕಿದೆ?”

“ಅವ್ರು ನೆಂಟರು ಕಣೋ, ಮುನಿಸ್ಕೋತಾರೆ. ನೀನು ಮನೆಯವನು, ಎಲ್ಲಿ ಹಾಕಿದ್ರೂ ಸುಮ್ಮನಿರ್ತೀಯ ಅಂದ್ಕೊಂಡೆ. ಒಂಬತ್ತು ವರ್ಷ ಸುಮ್ಮನಿರ್ತೀಯ ಅಂದ್ಕೊಂಡಿರ್ಲಿಲ್ಲ.”

“ಈ ಮದುವೆಗೆ ನೀನು ಬರಲ್ಲ ಅಂದ್ಕೊಂಡೆ ನಾನು.”

“ಕರೆದ್ಯಾ ನೀನು?”

ನಂಜುಂಡಯ್ಯ ಪೆನ್ನಿನ ಮುಚ್ಚಳ ಹಾಕಿದ. ವಿಶ್ವಾರಾಧ್ಯರೇ ಮುಂದುವರಿಸಿದರು. “ಕರೀದೇ ಇದ್ರೂ ಪಾಸ್‌ಪೋರ್ಟ್‌ಗೆ ಹಾಕಿದೀನಿ. ನಾಳೆ ನೀನು ಕರೆದ ದಿನ ನನ್ನ ಹತ್ರ ಇಲ್ಲ ಅಂತ ಆಗ್ಬಾರ್ದಲ್ಲ, ಅದಕ್ಕೆ.”

ತ್ರಿಪುರಸುಂದರಿ ಯಾರನ್ನೂ ಕೇಳಲಿಲ್ಲ. ಒಳಗೆ ಹೋಗಿ ಒಂದು ಕೈಯಲ್ಲಿ ಭರಣಿ, ಒಂದು ಕೈಯಲ್ಲಿ ಆ ಪತ್ರಿಕೆ ಹಿಡಿದು ಬಂದಳು. ಪತ್ರಿಕೆಯ ಮೂಲೆಯ ಅರಿಶಿನ ಒಣಗಿ ಉದುರುತ್ತಿತ್ತು. ಗಂಡ ಹೆಂಡತಿ ಗೇಟು ದಾಟಿ, ಹನ್ನೆರಡು ಹೆಜ್ಜೆ ನಡೆದು, ಆ ಬಾಗಿಲು ತಟ್ಟಿದರು. ವಿಶ್ವಾರಾಧ್ಯರು ಗೋಡೆ ಬಿಟ್ಟು ಒಳಗೆ ಓಡಿ, ಏನೂ ಗೊತ್ತಿಲ್ಲದವರ ಹಾಗೆ ಬಾಗಿಲು ತೆಗೆದು “ಯಾರು?” ಎಂದರು. ನಾವೆಲ್ಲ ಗೋಡೆಯ ಮೇಲಿಂದ ನೋಡುತ್ತಿದ್ದೆವು, ಪೊಲೀಸನೂ ಸೇರಿ.

ಲಂಕೆಗೆ ಯಾರೂ ಹೋಗಲಿಲ್ಲ. ಅಣ್ಣ ಬರುತ್ತೇನೆ ಎಂದ ಮೇಲೆ ಸಮುದ್ರ ದಾಟುವ ಕಾರಣವೇ ಉಳಿಯಲಿಲ್ಲ. ಎರಡು ರಸ್ತೆ ಆಚೆಯ ಛತ್ರದಲ್ಲಿ ಧಾರೆ ನಡೆಯಿತು. ದೊಡ್ಡಪ್ಪ ಮುಂದೆ ನಿಂತು ಮಾಡಿಸಿದರು. ಅಡುಗೆಯವನ ಸೌಟನ್ನು ಎರಡು ಸಲ ತಾವೇ ಮೂಸಿ ನೋಡಿದರು. ಪಾಸ್‌ಪೋರ್ಟ್ ಸುಮ್ಮನೆ ಮಾಡಿಸಿದೆವಲ್ಲ ಎಂದು ರಸ್ತೆಯವರು ಗೊಣಗಿದರು. ಮುನಿಲಕ್ಷ್ಮಮ್ಮ ಮಾತ್ರ ತನ್ನದನ್ನು ಹೂವಿನ ಬುಟ್ಟಿಯಲ್ಲೇ ಇಟ್ಟುಕೊಂಡು ಬಂದಿದ್ದಳು, ಕೊನೆ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿದರೆ ಇರಲಿ ಎಂದು.

ಊರು ಬದಲಾದ್ದರಿಂದ ನಂಜುಂಡಯ್ಯ ಪತ್ರಿಕೆಯನ್ನು ಹೊಸದಾಗಿ ಅಚ್ಚು ಹಾಕಿಸಿದ್ದ. ‘ಸುಖಾಗಮನ ಬಯಸುವವರು’ ಎಂಬುದರ ಕೆಳಗೆ ಮೊದಲು ವಿಶ್ವಾರಾಧ್ಯರು, ಸರಿಯೇ. ಕೆಳಗೆ ‘ಆತ್ಮೀಯರು’ ಎಂಬ ಇನ್ನೊಂದು ಸಾಲು. ಅದರಲ್ಲಿ ಮೊದಲನೆಯ ಹೆಸರು ಪುಟ್ಟಯ್ಯ. ಎರಡನೆಯದು ನನ್ನದು. ಇಪ್ಪತ್ತೆಂಟು ಫಾರಂಗೆ ಒಂದನೇ ಸಾಕ್ಷಿಯಾದವನು ಪುಟ್ಟಯ್ಯನ ಕೆಳಗೆ.

ನಾನು ಇಂಥದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುವವನಲ್ಲ. ಈಗಲೂ ದಿನಾ ಬೆಳಗ್ಗೆ ಜಗಲಿಯಲ್ಲಿ ಪೇಪರ್ ಓದುತ್ತೇನೆ. ಕುರ್ಚಿಯನ್ನು ಮಾತ್ರ ನಂಜುಂಡಯ್ಯನ ಮನೆ ಕಾಣದ ಹಾಗೆ ಸ್ವಲ್ಪ ತಿರುಗಿಸಿ ಹಾಕಿಕೊಂಡಿದ್ದೇನೆ.